ಹಿಂದಿನ ಎಡ ಮೂಲೆ

ಕಬ್ಬಿಣ ಉಜ್ಜುವ ಗ್ರೈಂಡರಿನ ಗುಂಡಿ ಒತ್ತಿದರೆ ಹತ್ತು ನಿಮಿಷದ ಕೆಲಸ. ಹತ್ತೂ ಬೇಡ, ಹೊಸ ಬಿಲ್ಲೆ ಹಾಕಿಕೊಂಡರೆ ಆರೇ ನಿಮಿಷ. ಅಮಾದೊ ಬೆಳಗಿನಿಂದ ನಾಲ್ಕು ಸಲ ಅದನ್ನು ಕೈಗೆತ್ತಿಕೊಂಡು ನಾಲ್ಕು ಸಲವೂ ಬೋರಲು ಹಾಕಿದ ಬಕೆಟ್ಟಿನ ಮೇಲಿಟ್ಟಿದ್ದ. ತಗಡಿನ ಮಾಡಿನ ಕೆಳಗೆ ಪಿಕಪ್ಪು ಮೈಮೇಲೆ ಬಣ್ಣವಿಲ್ಲದೆ, ಬಾಗಿಲುಗಳಿಲ್ಲದೆ, ಗಾಜಿಲ್ಲದೆ ನಿಂತಿತ್ತು. ಮಾರ್ಚಿನ ಗಾಳಿ ಚಿಮಾಯೊ ಕಡೆಯ ಗುಡ್ಡಗಳಿಂದ ಕೆಂಪು ಧೂಳು ಹೊತ್ತು ತಂದು ನಿನ್ನೆಯಷ್ಟೇ ಒರೆಸಿದ ಸೀಟಿನ ಹಲಗೆಯ ಮೇಲೆ ಸುರಿಯುತ್ತಿತ್ತು. ಎವಾಂಜೆಲಿನ್ ಅವನ ಅಪ್ಪನನ್ನು ಕರೆತರಲು ಕಾರು ತೆಗೆದುಕೊಂಡು ಹೋಗಿ ಕಾಲು ಗಂಟೆಯಾಗಿತ್ತು. ಅಪ್ಪನ ಮನೆ ಎರಡು ಮೈಲಿ ಆಚೆ. ಅವರು ಬಂದು ಕುರ್ಚಿಯಲ್ಲಿ ಕೂರುತ್ತಾರೆ, ಅವರ ಕಣ್ಣೆದುರು ಇವತ್ತು ಪಿಕಪ್ಪಿನ ಚಾವಣಿಯ ಟಾಪು ಕೊಯ್ದು ಎತ್ತರಿಸಬೇಕು. ಹಾಗೆಂದು ಮಾತಾಗಿದೆ. ಕೊಯ್ಯುವ ಜಾಗಗಳನ್ನು ತೆರೆಯಲೆಂದು ಅಮಾದೊ ನಿನ್ನೆ ಸಂಜೆ ನಾಲ್ಕೂ ಕಂಬಗಳ ಮೇಲಿನ ಹಳೆಯ ಪುಟ್ಟಿ ಕೆರೆದು ಹಾಕಿದ್ದ. ಮೂರು ಕಂಬಗಳಲ್ಲಿ ಅಣ್ಣ ಸೆಫೆರಿನೊ ಹಾಕಿದ ಬೆಸುಗೆ ಹೊರಬಂತು, ಒಂದರ ಮೇಲೊಂದು ಸರಿದು ಬಿದ್ದ ಸಣ್ಣ ನಾಣ್ಯಗಳ ಸಾಲು, ನಲವತ್ತೇಳು ವರ್ಷವಾದರೂ ನೋಡಲು ಚೆಂದ. ನಾಲ್ಕನೆಯದು, ಡ್ರೈವರನ ತಲೆಯ ಹಿಂದಿನ ಎಡ ಮೂಲೆಯದು, ಅನನುಭವಿ ಸೊಸೆ ಬಿಸಿಲಿಗೆ ಇಟ್ಟ ಸಂಡಿಗೆಯ ಹಾಗೆ ಮುದ್ದೆ ಮುದ್ದೆಯಾಗಿ ಕೂತಿತ್ತು. ಅದು ಅಮಾದೊನ ಕೈಯದು, ಬೆಳಗಿನಿಂದ ಉಜ್ಜಿ ಅಳಿಸಲು ಹೊರಟದ್ದು ಅದನ್ನೇ. ಅದು ತನ್ನ ಕೈಯದೆಂದು ಅವನು ಅಪ್ಪನಿಗೆ ಇವತ್ತಿನವರೆಗೆ ಹೇಳಿಲ್ಲ, ಮತ್ತು ಟಾಪು ಕೊಯ್ದ ಮೇಲೆ ಹೇಳುವುದಕ್ಕೆ ಏನೂ ಉಳಿಯುವುದಿಲ್ಲ.

ಹೇಳಬೇಕು ಎಂದೇ ಈ ಗಾಡಿಯನ್ನು ಅಪ್ಪನ ಅಂಗಳದ ಏಪ್ರಿಕಾಟ್ ಮರದ ಬುಡದಿಂದ ಎಳೆಸಿಕೊಂಡು ಬಂದದ್ದು. ಎವಾಂಜೆಲಿನ್‌ಗೆ ಹಾಗೆ ಹೇಳಿರಲಿಲ್ಲ, ನಿವೃತ್ತಿಯಾಗಿದೆ, ಕೈಗೊಂದು ಕೆಲಸ ಬೇಕಲ್ಲ ಎಂದಿದ್ದ. ಮೂವತ್ತು ವರ್ಷ ಶಾಲೆಯ ಹಳದಿ ಬಸ್ಸುಗಳ ಕೆಳಗೆ ಮಲಗಿ ಎದ್ದವನಿಗೆ ಐವತ್ತೊಂದನೇ ಇಸವಿಯ ಒಂದು ಷೆವ್ರೊಲೆ ಪಿಕಪ್ಪು ಎಷ್ಟರದು. ಕೋಳಿಗಳು ಮೊಟ್ಟೆಯಿಡುತ್ತಿದ್ದ ಎಂಜಿನ್ನನ್ನು ಬಿಚ್ಚಿ ಕಟ್ಟಿದ, ಬ್ರೇಕು ಹೊಸದು ಮಾಡಿದ, ತುಕ್ಕು ತಿಂದ ನೆಲವನ್ನು ಕಿತ್ತು ತಗಡು ಕೂರಿಸಿದ, ಹಿಂದಿನ ಸ್ಪ್ರಿಂಗುಗಳನ್ನು ಅಣ್ಣ ತಗ್ಗಿಸಿದ್ದ ಹಾಗೆಯೇ ತಗ್ಗಿಸಿ ಇಟ್ಟ. ಸೆಫೆರಿನೊ ಮನೆ ಬಿಟ್ಟ ವರ್ಷದ ಬೇಸಿಗೆಯಲ್ಲಿ ಬಳಿಯಬೇಕೆಂದಿದ್ದ ನೇರಳೆ ಬಣ್ಣದ್ದೇ ಹೊಸ ಡಬ್ಬಿಗಳು ಒಳಗೆ ಕಪಾಟಿನಲ್ಲಿದ್ದವು. ಅಣ್ಣನ ಗಾಡಿಯನ್ನು ಅಣ್ಣ ಬಿಟ್ಟಲ್ಲಿಂದ ಮುಗಿಸಿ, ಅಪ್ಪನ ಮುಂದೆ ನಿಲ್ಲಿಸಿ, ಆಗ ಹೇಳುವುದು. ಕೆಲಸ ಮುಗಿಯುವವರೆಗೆ ಹೇಳಬೇಕಾಗಿಲ್ಲ ಎಂಬುದೂ ಅದರಲ್ಲಿ ಸೇರಿತ್ತು, ಆದ್ದರಿಂದ ಕೆಲಸ ನಿಧಾನವಾಗಿಯೇ ನಡೆಯಿತು. ಜನವರಿಯಲ್ಲಿ ಒಂದು ದಿನ ಅಪ್ಪ ಬಂದು ಗಾಡಿಯ ಸುತ್ತ ಕೋಲೂರಿ ಒಂದು ಸುತ್ತು ಹಾಕಿ, "ಟಾಪು ಮೊದಲಿದ್ದ ಹಾಗೆ ಎತ್ತರಿಸು. ಈ ಗುಡ್ ಫ್ರೈಡೇಗೆ ನಾನು ಟೋಪಿ ಹಾಕ್ಕೊಂಡು ನನ್ನ ಗಾಡಿಲಿ ಕೂತ್ಕೊಂಡು ಚಿಮಾಯೊದ ಸಾಂತುಆರಿಯೊ ಚರ್ಚಿಗೆ ಯಾತ್ರೆ ಹೋಗ್ಬೇಕು" ಎಂದರು. ಅಮಾದೊ ಕೂಡಲೇ, ಯೋಚನೆಯನ್ನೂ ಮಾಡದೆ, "ಆಗಲಿ ಅಪ್ಪ" ಎಂದುಬಿಟ್ಟ. ಅಪ್ಪನಿಗೆ ಅವನು ಜೀವಮಾನವಿಡೀ ಹೇಳಿದ್ದೇ ಅದು. ಎವಾಂಜೆಲಿನ್ ಅವತ್ತು ರಾತ್ರಿಯೂಟಕ್ಕೆ ಬೀನ್ಸ್ ಬಡಿಸುತ್ತಾ, "ಅಲ್ಲ, ಅದು ಸೆಫೆರಿನೊ ಕೈಯಾರೆ ಮಾಡಿದ್ದು. ಅದೊಂದೇ ತಾನೇ ಅವನದು ಅಂತ ಉಳಿದಿರೋದು? ನಿಮ್ಮಪ್ಪ ಕೇಳಿದ್ರು, ನೀನು ಆಗಲಿ ಅಂದೆ. ನಿನ್ನ ಬಾಯಲ್ಲಿ ಬೇರೆ ಮಾತಿದೆಯಾ?" ಎಂದು ಕೇಳಿದ್ದಳು. ಅವನು ಬೀನ್ಸಿಗೆ ಮೆಣಸಿನ ಗೊಜ್ಜು ಕಲಸಿಕೊಂಡ. ಅವಳಿಗೆ ಗೊತ್ತಿದ್ದುದು ಅಣ್ಣ ಟಾಪು ಕೊಯ್ದದ್ದು, ಅಪ್ಪ ಸಿಟ್ಟಾದದ್ದು, ಅಣ್ಣ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಮೂವತ್ತನಾಲ್ಕಕ್ಕೇ ಅಲ್ಲೇ ಸತ್ತದ್ದು, ಇಷ್ಟೇ.

ನಲವತ್ತೇಳು ವರ್ಷದ ಹಿಂದಿನ ಒಂದು ಶನಿವಾರ ಅದು. ಅಪ್ಪ ಬೆಟ್ಟದ ಮೇಲಿನ ಪ್ರಯೋಗಾಲಯದಲ್ಲಿ ವೆಲ್ಡರು, ಆ ವಾರ ಅವರಿಗೆ ಶನಿವಾರವೂ ಕೆಲಸ, ತಮ್ಮ ಈ ಪಿಕಪ್ಪನ್ನು ಅಂಗಳದಲ್ಲೇ ಬಿಟ್ಟು ಜೊತೆಯವನ ಗಾಡಿಯಲ್ಲಿ ಹೋಗಿದ್ದರು. ಅಮ್ಮ ಅಡಿಗೆಮನೆಯ ಕಿಟಕಿಯಿಂದ ನೋಡಿದಳು, ಏನೂ ಕೇಳಲಿಲ್ಲ, ಪರದೆ ಎಳೆದಳು. ಸೆಫೆರಿನೊಗೆ ಇಪ್ಪತ್ತು, ಇವನಿಗೆ ಹದಿನಾಲ್ಕು. ಇವನು ದೃಢೀಕರಣದ ಸಂಸ್ಕಾರಕ್ಕೆ ತಯಾರಾಗುವ ವರ್ಷದ ಹುಡುಗ, ಶನಿವಾರ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಚರ್ಚಿನಲ್ಲಿ ಧರ್ಮೋಪದೇಶದ ಪಾಠ. "ಲೇ ಮರಿ, ದೇವರು ಮುಂದಿನ ವಾರಾನೂ ಇರ್ತಾನೆ. ಟಾಪು ಒಬ್ಬನೇ ಹಿಡಿಯೋಕಾಗಲ್ಲ ಕಣೋ, ಬಾ" ಎಂದ ಅಣ್ಣ, ಮತ್ತು ಆ ಮಾತಿನಲ್ಲಿ ಅಮಾದೊಗೆ ಎಷ್ಟು ಸಂತೋಷವಾಯಿತೆಂದರೆ ಇವತ್ತೂ ಅದನ್ನು ನೆನೆದರೆ ಹೊಟ್ಟೆಯಲ್ಲಿ ಮೊದಲು ಸಂತೋಷವೇ ಏಳುತ್ತದೆ, ಆಮೇಲೆ ಉಳಿದದ್ದು. ನಾಲ್ಕು ಕಂಬದಿಂದಲೂ ಮೂರು ಮೂರು ಇಂಚು ತೆಗೆದು ಟಾಪನ್ನು ತಗ್ಗಿಸಬೇಕು, ಆಗ ಗಾಡಿ ಹುಬ್ಬು ಗಂಟಿಕ್ಕಿದ ಹಾಗೆ ಕಾಣುತ್ತದೆ, ಆ ಕಣಿವೆಯ ಹುಡುಗರಿಗೆಲ್ಲ ಅದರ ಹುಚ್ಚು. ಮನೆಯಲ್ಲಿದ್ದ ಅಳತೆ ಟೇಪಿನ ತುದಿ ಅರ್ಧ ಇಂಚು ಮುರಿದುಹೋಗಿತ್ತು. ಅಪ್ಪ ಅದನ್ನು ಎಸೆಯದೆ, ಅರ್ಧ ಇಂಚು ಸೇರಿಸಿ ಓದಿಕೊಳ್ಳುತ್ತಿದ್ದರು, ಮಕ್ಕಳಿಗೂ ಹಾಗೇ ಕಲಿಸಿದ್ದರು. ಮೂರು ಬೇಕೆಂದರೆ ಮೂರೂವರೆ ನೋಡಬೇಕು. ಮೂರು ಕಂಬಕ್ಕೆ ಅಣ್ಣ ಗುರುತು ಹಾಕಿದ. ನಾಲ್ಕನೆಯದಕ್ಕೆ, "ನೀನು ಹಾಕು, ಕಲಿತ್ಕೊ" ಎಂದ. ಅಮಾದೊ ಟೇಪು ಹಿಡಿದು ಮೂರಕ್ಕೆ ಗೆರೆ ಎಳೆದ. ಕೊಯ್ದು ಇಳಿಸಿ ಮೂರು ಕಡೆ ಬೆಸೆದ ಮೇಲೆ ಅಣ್ಣ ಹಿಂದೆ ಸರಿದು ನಿಂತು, ತಲೆ ವಾರೆ ಮಾಡಿ ನೋಡಿದ. ಹಿಂದಿನ ಎಡ ಮೂಲೆ ಅರ್ಧ ಇಂಚು ಎತ್ತರಕ್ಕೆ ನಿಂತಿತ್ತು. ಅಣ್ಣ ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟು ಚೆನ್ನಾಗಿತ್ತು. "ಬಿಡು, ಯಾರಿಗೂ ಕಾಣಲ್ಲ. ನಿನ್ನ ಮೂಲೆ ಅದು, ನೀನೇ ಬೆಸೆ" ಎಂದು ನಕ್ಕು ಬೆಸುಗೆಯ ಕಪ್ಪು ಕನ್ನಡಕವನ್ನು ಇವನ ಮೂಗಿಗೆ ಏರಿಸಿದ, ಕೈ ಮೇಲೆ ಕೈಯಿಟ್ಟು ಎರಡು ಚುಕ್ಕೆ ಹಾಕಿಸಿದ, ಆಮೇಲೆ ಬಿಟ್ಟ. ಅಪ್ಪ ಅಂಗಳಕ್ಕೆ ಬಂದಾಗ ಇನ್ನೂ ಪುಟ್ಟಿಯ ವಾಸನೆ ಹೋಗಿರಲಿಲ್ಲ. ಅವರು ಟಾಪು ನೋಡಿದರು. ಕೂಗಾಡಲಿಲ್ಲ. "ಯಾರು ಕೊಯ್ದದ್ದು?" "ನಾನು" ಎಂದ ಅಣ್ಣ. "ಟಾಪು ಹಿಡ್ಕೊಂಡಿದ್ದು ಯಾರು?" "ಯಾರೂ ಇಲ್ಲ. ಹಗ್ಗ ಕಟ್ಟಿ ಮಾಡಿದೆ." ಆಗ ಅಪ್ಪ ಇವನ ಕಡೆ ತಿರುಗಿದರು. "ನೀನೆಲ್ಲಿದ್ದೆ?" ಪ್ಯಾಂಟಿನ ಮಂಡಿಯ ಮೇಲೆ ಕಿಡಿ ಸುಟ್ಟ ಮೂರು ತೂತುಗಳನ್ನು ಅಂಗೈಯಿಂದ ಮುಚ್ಚಿಕೊಂಡು ಅಮಾದೊ, "ಪಾಠಕ್ಕೆ ಹೋಗಿದ್ದೆ" ಎಂದ.

ಎಷ್ಟು ಸುಲಭವಾಗಿ ಬಂದಿತ್ತು ಮಾತು. ಅಷ್ಟೇ ಸುಲಭವಾಗಿ ಮರುದಿನ ಅದನ್ನು ವಾಪಸು ತೆಗೆದುಕೊಳ್ಳಬಹುದಿತ್ತು, ಅದರ ಮರುದಿನವೂ. ಅಪ್ಪ ಅಣ್ಣನಿಗೆ, "ಇದು ಇನ್ನು ನನ್ನ ಗಾಡಿ ಅಲ್ಲ, ನೀನೇ ಇಟ್ಕೊ" ಎಂದರು, ಊಟದ ಮೇಜಿನಲ್ಲಿ ಅವನ ತಟ್ಟೆಯ ಕಡೆ ನೋಡುವುದನ್ನು ಬಿಟ್ಟರು. ಜುಲೈ ಹಬ್ಬದಲ್ಲಿ ಎಸ್ಪನ್ಯೋಲಾದ ದೊಡ್ಡ ರಸ್ತೆಯಲ್ಲಿ ಹುಡುಗರೆಲ್ಲ ತಮ್ಮ ಗಾಡಿಗಳನ್ನು ಆಮೆನಡೆಯಲ್ಲಿ ಮೆರೆಸುವಾಗ ಸೆಫೆರಿನೊ ಇದನ್ನೂ ತಂದ. ಕ್ಷೌರದಂಗಡಿಯ ಮುಂದೆ ಅಪ್ಪ ತಮ್ಮ ಸ್ನೇಹಿತರೊಂದಿಗೆ ನಿಂತಿದ್ದರು, ಪಕ್ಕದಲ್ಲಿ ಅಮಾದೊ. ಗಾಡಿ ಎದುರಿಗೆ ಬಂದಾಗ ಅಪ್ಪ ಗಟ್ಟಿಯಾಗಿ, "ನೋಡ್ರಪ್ಪ, ಟೋಪಿ ವಾರೆ ಇಟ್ಕೊಂಡ ಕುಡುಕ ಬಂದ. ವೆಲ್ಡರ್ ಮಗ, ಟೇಪು ಹಿಡಿಯೋಕೂ ಬರಲ್ಲ" ಎಂದರು. ಎಲ್ಲರೂ ನಕ್ಕರು. ಅಮಾದೊನೂ ನಕ್ಕ, ಎಲ್ಲರೂ ನಗುವಾಗ ನಗದಿದ್ದರೆ ಗೊತ್ತಾಗಿಬಿಡುತ್ತದೆಂದು. ಅಣ್ಣ ಕಿಟಕಿಯಿಂದ ಮೊಣಕೈ ಹೊರಗಿಟ್ಟುಕೊಂಡಿದ್ದವನು ಇವನನ್ನು ನೋಡಿದ, ಹುಬ್ಬೆತ್ತಿದ, ಮುಂದೆ ಹೋದ. ಆ ಬೇಸಿಗೆಯಿಡೀ ಊರು ಅವನನ್ನು ವಾರೆಟೋಪಿ ಎಂದು ಕರೆಯಿತು. ಬಣ್ಣ ಬಳಿಯುವುದರಲ್ಲಿ ಸಾಟಿಯಿಲ್ಲದ ಕೈಯವನು, ನೆಟ್ಟಗೆ ಗೆರೆ ಎಳೆಯುವುದಕ್ಕೆ ಅಳತೆಗೋಲೇ ಬೇಡ ಎನಿಸಿಕೊಂಡವನು, ಒಂದು ಸಲವೂ ಆ ಮೂಲೆ ತನ್ನದಲ್ಲ ಎಂದು ಹೇಳಲಿಲ್ಲ. ಸೆಪ್ಟೆಂಬರಿನಲ್ಲಿ ಗಾಡಿಯನ್ನು ಏಪ್ರಿಕಾಟ್ ಮರದ ಬುಡದಲ್ಲಿ ಬಿಟ್ಟು ಹೊರಟುಹೋದ. ಅವನು ಹೋದ ಮೇಲೆ ಮನೆಯಲ್ಲಿ ಅಮಾದೊನಿಗೆ ದೊಡ್ಡ ತಟ್ಟೆ ಬಂತು, ಅಪ್ಪನ ಪಕ್ಕದ ಕುರ್ಚಿ ಬಂತು.

ಹನ್ನೆರಡು ವರ್ಷದ ಹಿಂದೆ, ಗುಡ್ ಫ್ರೈಡೇಗೆ ಮುಂಚಿನ ತಪಸ್ಸಿನ ಕಾಲದಲ್ಲಿ, ಅವನು ಇದನ್ನು ಪಾಪನಿವೇದನೆಯಲ್ಲಿ ಹೇಳಿದ್ದುಂಟು. ಪಾದ್ರಿ ಹೊಸಬ, ಚಿಕ್ಕ ವಯಸ್ಸು, ಜಾಲರಿಯ ಆಚೆಯಿಂದ, "ಜಪಮಾಲೆ ಏನೂ ಬೇಡ. ಹೋಗಿ ನಿಮ್ಮ ತಂದೆಗೆ ಹೇಳಿ. ಅದೇ ಪ್ರಾಯಶ್ಚಿತ್ತ" ಎಂದುಬಿಟ್ಟ. ಹತ್ತು ಜಪಮಾಲೆ ಕೊಟ್ಟಿದ್ದರೆ ಮುಗಿದುಹೋಗುತ್ತಿತ್ತು. ಪ್ರಾಯಶ್ಚಿತ್ತ ಮಾಡದೆ ಪ್ರಸಾದಕ್ಕೆ ನಾಲಿಗೆ ಚಾಚಲು ಅವನಿಗೆ ಧೈರ್ಯವಿಲ್ಲ, ಚಾಚದಿದ್ದರೆ ಎವಾಂಜೆಲಿನ್ ಯಾಕೆಂದು ಕೇಳುತ್ತಾಳೆ. ಅವನು ಹುಡುಕಿಕೊಂಡ ದಾರಿ ಎಂಥದೆಂದರೆ, ಚರ್ಚಿನಲ್ಲಿ ಜನರನ್ನು ಸಾಲು ಹಚ್ಚಿ ಕಳಿಸುವ ಸೇವೆಗೆ ಹೆಸರು ಕೊಟ್ಟ. ಒಂದೊಂದು ಬೆಂಚಿನ ಪಕ್ಕ ನಿಂತು ಎಲ್ಲರನ್ನೂ ಎಬ್ಬಿಸಿ ಮುಂದೆ ಕಳಿಸುವವನು ತಾನು ಹೋದನೋ ಇಲ್ಲವೋ ಯಾರು ನೋಡುತ್ತಾರೆ. ಹನ್ನೆರಡು ವರ್ಷದಿಂದ ಕಪ್ಪು ಕೋಟು ಹಾಕಿಕೊಂಡು, ಮುದುಕಿಯರ ಮೊಣಕೈ ಹಿಡಿದು ನಡೆಸಿ, ಊರಿನಲ್ಲಿ ದೈವಭಕ್ತನೆಂದು ಹೆಸರಾಗಿ, ಅವನು ಪ್ರಸಾದ ತಪ್ಪಿಸಿಕೊಂಡಿದ್ದ. ಮೊನ್ನೆ ಭಾನುವಾರ ಅಪ್ಪ ಅವನ ತೋಳು ಹಿಡಿದು ಮುಂದಕ್ಕೆ ನಡೆಯುವಾಗ, "ನೀನೂ ಬಾರೋ" ಎಂದಿದ್ದರು. "ಆಮೇಲೆ ಹೋಗ್ತೀನಿ ಅಪ್ಪ, ಇನ್ನೂ ಜನ ಇದಾರೆ" ಎಂದ. ಅಪ್ಪ ಒಂದು ಕ್ಷಣ ನಿಂತು ಅವನ ಮುಖ ನೋಡಿದ ಹಾಗಿತ್ತು, ಅಥವಾ ಅವರಿಗೆ ಉಸಿರು ಸಿಕ್ಕಿಹಾಕಿಕೊಂಡಿತ್ತೋ ಏನೋ. ಎಂಬತ್ತೆಂಟು ವರ್ಷದವರು ಎಲ್ಲಿ ಬೇಕಾದರೂ ನಿಲ್ಲುತ್ತಾರೆ.

ಜೇಬಿನಲ್ಲಿ ಫೋನು ಗುರುಗುಟ್ಟಿತು. ಎವಾಂಜೆಲಿನ್.

"ಏ ಮುದುಕ, ಮಾವ ಇನ್ನೂ ಶೂಸ್ ಹಾಕ್ಕೊತಾ ಇದಾರೆ. ಮದುವೆಗೆ ಹೊರಟ ಹಾಗೆ ಇಸ್ತ್ರಿ ಶರಟು ಬೇರೆ. ಇನ್ನೊಂದು ಇಪ್ಪತ್ತು ನಿಮಿಷ ಆಗುತ್ತೆ."

"ನಿಧಾನವಾಗಿ ಬನ್ನಿ. ಅವಸರ ಏನಿಲ್ಲ."

"ಒಲೆ ಮೇಲೆ ಪೊಸೋಲೆ ಇಟ್ಟು ಬಂದಿದೀನಿ, ಒಂದ್ಸಲ ಕೈಯಾಡಿಸು. ನಿನ್ನ ದನಿ ಯಾಕೆ ಹಾಗಿದೆ?"

"ಧೂಳು."

"ಅಮಾದೊ, ಕೊಯ್ಯೋಕೆ ಮನಸ್ಸಿಲ್ಲ ಅಂದ್ರೆ ಈಗಲೇ ಹೇಳು. ನಾನೇ ಮಾವಂಗೆ ಹೇಳ್ತೀನಿ. ನನಗೇನು ಭಯ?"

"ಬೇಡ ಬೇಡ. ಮನಸ್ಸಿದೆ" ಎಂದು ಅವನು ಫೋನು ಇಟ್ಟ. ಅವಳು ಹೇಳುತ್ತಾಳೆ, ನಿಜವಾಗಿ ಹೇಳುತ್ತಾಳೆ. ತನ್ನ ಪರವಾಗಿ ಇನ್ನೊಬ್ಬರು ಮಾತಾಡುವುದು ಅವನಿಗೆ ಹೊಸದೇನಲ್ಲ, ಮೊದಲು ಅಣ್ಣ, ಆಮೇಲೆ ಇವಳು. ಒಳಗೆ ಹೋಗಿ ಪೊಸೋಲೆಗೆ ಸೌಟು ಹಾಕಿ ತಿರುವಿದ, ಬಿಳಿ ಜೋಳ ಅರಳಿ ಮೇಲೆ ಬಂದು ಮುಳುಗುತ್ತಿತ್ತು. ಅಪ್ಪ ಬೆಸುಗೆ ನೋಡಿದರೆ ಯಾರ ಕೈಯೆಂದು ಹೇಳುತ್ತಾರೆ. ಪ್ರಯೋಗಾಲಯದಲ್ಲಿ ಮೂವತ್ತು ಜನ ವೆಲ್ಡರುಗಳ ಕೆಲಸವನ್ನು ಹೆಸರಿಲ್ಲದೆ ಮುಂದಿಟ್ಟರೆ ಇದು ಇಂಥವನದು, ಇದು ಇಂಥವನದು ಎಂದು ಬೆರಳು ತೋರಿಸುತ್ತಿದ್ದರಂತೆ. ಈಗ ಕಣ್ಣು ಅರ್ಧ ಹೋಗಿದೆ, ಆದರೆ ಹೆಬ್ಬೆರಳಿದೆ. ಅವರಾಗಿ ಕಂಡುಹಿಡಿಯುವ ಮೊದಲು ತಾನಾಗಿ ಹೇಳಿದರೆ ಅದು ಹೇಳಿದ ಹಾಗೆ, ಅವರು ಕಂಡುಹಿಡಿದ ಮೇಲೆ ಹೇಳಿದರೆ ಅದು ಸಿಕ್ಕಿಬಿದ್ದ ಹಾಗೆ. ಇಷ್ಟು ಸ್ಪಷ್ಟವಾಗಿ ತಿಳಿದಿದ್ದೂ, ಸೌಟು ಕೆಳಗಿಟ್ಟು ಹೊರಗೆ ಬಂದವನು ಐದನೆಯ ಸಲ ಗ್ರೈಂಡರು ಎತ್ತಿಕೊಂಡ, ಗುಂಡಿ ಒತ್ತಿದ, ಬಿಲ್ಲೆಯನ್ನು ಆ ಮೂಲೆಗೆ ತಾಗಿಸಿದ.

ಕಿಡಿ ಹಾರಿ ತೋಳಿಗೆ ಬಿತ್ತು. ಮೊದಲ ಮುದ್ದೆ ಹೋಯಿತು, ಎರಡನೆಯದು ಹೋಯಿತು. ಮೂರನೆಯದು ಅಣ್ಣ ಕೈ ಮೇಲೆ ಕೈಯಿಟ್ಟು ಹಾಕಿಸಿದ ಎರಡು ಚುಕ್ಕೆಗಳ ಪಕ್ಕದ್ದು. ಆ ಎರಡು ಮಾತ್ರ ಸಾಲಾಗಿ, ಗುಂಡಗೆ ಇದ್ದವು. ಅಲ್ಲಿಗೆ ಬಂದಾಗ ಅವನ ಬೆರಳು ತಾನಾಗಿ ಗುಂಡಿ ಬಿಟ್ಟಿತು. ಬಿಲ್ಲೆ ಸುತ್ತಿ ಸುತ್ತಿ ನಿಂತಿತು. ನೋಡಿದರೆ, ಅರ್ಧ ಬೆಸುಗೆ ಹಾಗೇ ಕಪ್ಪಗೆ ಕೂತಿದೆ, ಅರ್ಧ ಹೊಸ ಚಮಚದ ಹಾಗೆ ಹೊಳೆಯುತ್ತಿದೆ. ಇಡೀ ಗಾಡಿಯಲ್ಲಿ ಹೊಳೆಯುತ್ತಿರುವುದು ಅದೊಂದೇ ಜಾಗ, ಕುರುಡನಿಗೂ ಕಾಣುವಂತಿತ್ತು. ಪೂರ್ತಿ ಉಜ್ಜಿ ಮುಗಿಸುವ ಧೈರ್ಯವಾಗಲಿಲ್ಲ, ಉಜ್ಜಿದ್ದನ್ನು ವಾಪಸು ಅಂಟಿಸುವಂತೆಯೂ ಇಲ್ಲ. ಅವನು ನೆಲದಿಂದ ಮಣ್ಣು ತೆಗೆದು ಆ ಜಾಗಕ್ಕೆ ತಿಕ್ಕಿದ, ಉಗುಳು ಹಚ್ಚಿ ತಿಕ್ಕಿದ, ಎಂಜಿನ್ ಆಯಿಲ್ ಬೆರಳಲ್ಲಿ ಅದ್ದಿ ಬಳಿದ. ಅರವತ್ತೊಂದು ವರ್ಷದ ಗಂಡಸು, ಮೂರು ಮೊಮ್ಮಕ್ಕಳ ಅಜ್ಜ, ಚರ್ಚಿನಲ್ಲಿ ಜನ ಎದ್ದು ದಾರಿ ಬಿಡುವಂಥವನು, ಒಂದು ಕಂಬಕ್ಕೆ ಉಗುಳು ಹಚ್ಚುತ್ತಾ ನಿಂತಿದ್ದ. ತನ್ನ ಮೇಲೆಯೇ ಅಸಹ್ಯವಾಯಿತು. ಅದೇ ಹೊತ್ತಿಗೆ ಅಂಗಳದ ಜಲ್ಲಿಯ ಮೇಲೆ ಕಾರಿನ ಚಕ್ರ ಹೊರಳಿತು.

ಎವಾಂಜೆಲಿನ್ ಮಾವನನ್ನು ಇಳಿಸಿ, ತೋಳು ಹಿಡಿದು ಮಾಡಿನ ಕೆಳಗೆ ತಂದು ಕುರ್ಚಿಯಲ್ಲಿ ಕೂರಿಸಿದಳು. ಅಪ್ಪ ಇಲಾರಿಯೊ ಬೂದು ಟೋಪಿ, ಮುತ್ತಿನ ಗುಂಡಿಗಳ ಬಿಳಿ ಶರಟು ಹಾಕಿದ್ದರು. "ನಿಮ್ಮ ನಿಮ್ಮಲ್ಲೇ ಜಗಳ ಆಡ್ಕೊಳ್ಳಿ, ನಾನು ತೋರ್ತಿಯಾ ಬೇಯಿಸ್ತೀನಿ" ಎಂದು ಅವಳು ಗಂಡನ ಎಣ್ಣೆ ಬೆರಳನ್ನೂ ಮುಖವನ್ನೂ ಒಮ್ಮೆ ನೋಡಿ ಒಳಗೆ ಹೋದಳು. ಅಪ್ಪ ಗಾಳಿಗೆ ಟೋಪಿ ಒತ್ತಿ ಹಿಡಿದರು.

"ಎಂಜಿನ್ ಚೆನ್ನಾಗಿ ಕಟ್ಟಿದೀಯಂತೆ. ಎವಾಂಜೆಲಿನ್ ಹೇಳಿದ್ಲು."

"ಹೂಂ ಅಪ್ಪ. ಒಂದೇ ಸಲಕ್ಕೆ ಶುರುವಾಗುತ್ತೆ."

"ಎತ್ತು ನನ್ನ" ಎಂದರು. ಅಮಾದೊ ಎಬ್ಬಿಸಿದ. ಅವರು ಮುಂದಿನ ಬಲ ಕಂಬದ ಹತ್ತಿರ ಹೋಗಿ ಹೆಬ್ಬೆರಳನ್ನು ಬೆಸುಗೆಯ ಮೇಲೆ ನಿಧಾನ ಎಳೆದರು. ಆಮೇಲೆ ಮುಂದಿನ ಎಡ. ಆಮೇಲೆ ಹಿಂದಿನ ಬಲ. "ಒಳ್ಳೇ ಕೈ" ಎಂದರು. ಈ ಮಾತನ್ನು ಅವರು ಅಣ್ಣನ ಬಗ್ಗೆ ಹೇಳಿದ್ದು ಅಮಾದೊ ಇದೇ ಮೊದಲು ಕೇಳಿದ್ದು. "ಇಪ್ಪತ್ತನೇ ವರ್ಷಕ್ಕೆ ನನಗೂ ಇಂಥ ಕೈ ಇರಲಿಲ್ಲ." ನಾಲ್ಕನೆಯದಕ್ಕೆ ಬಂದರು. ಹೇಳು, ಈಗ ಹೇಳು, ಅವರ ಬೆರಳು ಮುಟ್ಟುವ ಮೊದಲು ಹೇಳು ಎಂದು ಅಮಾದೊನ ಒಳಗೆ ಯಾರೋ ಬೊಬ್ಬೆಯಿಡುತ್ತಿದ್ದರು. ಹೆಬ್ಬೆರಳು ಮುದ್ದೆಗಳ ಮೇಲೆ ಹೋಯಿತು, ಉಜ್ಜಿದ ಜಾಗಕ್ಕೆ ಬಂದು ಜಾರಿತು, ಹಿಂದಕ್ಕೆ ಹೋಯಿತು, ಮತ್ತೆ ಬಂತು. ಅಪ್ಪ ಬೆರಳನ್ನು ಮೂಗಿನ ಹತ್ತಿರ ತಂದು ಮೂಸಿದರು.

"ಎಣ್ಣೆ ಯಾಕೆ ಹಚ್ಚಿದೀಯ?"

"ತುಕ್ಕು ಹಿಡೀಬಾರದು ಅಂತ."

"ಕೊಯ್ದು ಎಸೆಯೋ ಜಾಗಕ್ಕೆ?" ಅಮಾದೊ ಎಣ್ಣೆ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ. ಅಪ್ಪ ಕಂಬ ಹಿಡಿದುಕೊಂಡೇ ಅವನ ಕಡೆ ತಿರುಗಿದರು. ಸಿಟ್ಟಿನ ಮುಖವಲ್ಲ. ಹಸಿದವರು ಅಡಿಗೆಮನೆಯ ಕಡೆ ನೋಡುವಂಥ ಮುಖ. "ಇದು ಅವನ ಕೈ ಅಲ್ಲ ಕಣೋ" ಎಂದರು. "ಅವತ್ತು ನೀನೆಲ್ಲಿದ್ದೆ?"

ನಲವತ್ತೇಳು ವರ್ಷದಿಂದ ಈ ಪ್ರಶ್ನೆಗೆ ಅವನು ಬಸ್ಸಿನ ಕೆಳಗೆ ಮಲಗಿ, ಬೆಂಚಿನ ಪಕ್ಕ ನಿಂತು, ಸ್ನಾನದ ನೀರು ಹೊಯ್ದುಕೊಳ್ಳುತ್ತಾ ಎಷ್ಟು ಉತ್ತರಗಳನ್ನು ಕಟ್ಟಿದ್ದ. ಉದ್ದದ್ದು, ಗಿಡ್ಡದ್ದು, ಅಳುತ್ತಾ ಹೇಳುವಂಥದ್ದು. ಒಂದೂ ಬರಲಿಲ್ಲ. ಬಾಯಿ ತನ್ನ ಪಾಡಿಗೆ ತಾನು ತೆರೆಯಿತು.

"ಪಾಠಕ್ಕೆ ಹೋಗಿದ್ದೆ."

ಹೇಳಿದ ಮೇಲೆ ತನ್ನ ಕಿವಿಗೇ ಅದು ಹದಿನಾಲ್ಕರ ಹುಡುಗನ ದನಿಯಾಗಿ ಕೇಳಿಸಿತು. ಅಪ್ಪ ತಲೆಯಾಡಿಸಿದರು, ಗೊತ್ತಿದ್ದ ಉತ್ತರವನ್ನೇ ಕೊಟ್ಟವನಿಗೆ ಮೇಷ್ಟ್ರು ಆಡಿಸುವ ಹಾಗೆ. ಕುರ್ಚಿಗೆ ವಾಪಸು ಬಂದು, ಕೋಲನ್ನು ಎರಡು ಮಂಡಿಯ ನಡುವೆ ನಿಲ್ಲಿಸಿಕೊಂಡು ಕೂತರು.

"ಅವತ್ತು ಕೆಲಸ ಬೇಗ ಬಿಟ್ಟಿದ್ರು" ಎಂದರು. "ನಿನ್ನನ್ನೂ ಜೊತೇಲಿ ಕರ್ಕೊಂಡು ಬರೋಣ, ಪಾಪ ಬಿಸಿಲಲ್ಲಿ ನಡೀತಾನೆ ಅಂತ ಚರ್ಚ್ ಹತ್ರ ಗಾಡಿ ನಿಲ್ಲಿಸಿದ್ವಿ. ಬೀಗ ಹಾಕಿತ್ತು. ಪಾದ್ರಿಗೆ ಜ್ವರ ಅಂತೆ, ಪಾಠ ಇರಲಿಲ್ಲ."

ಗಾಳಿ ತಗಡನ್ನು ಎತ್ತಿ ಬಡಿಯಿತು. ಅಮಾದೊಗೆ ಮೊದಲು ಅರ್ಥವಾಗಲಿಲ್ಲ, ಆಮೇಲೆ ಅರ್ಥವಾಯಿತು. "ಹಾಗಾದ್ರೆ ನಿಮಗೆ ಅವತ್ತೇ..."

"ಅವತ್ತೇ."

"ಯಾಕೆ ಕೇಳಲಿಲ್ಲ ಅಪ್ಪ?"

"ಕೇಳಿದೆನಲ್ಲ. ನೀನು ಹೇಳಿದೆ." ಅಪ್ಪ ಕೋಲಿನ ಹಿಡಿಯನ್ನು ತಿರುಗಿಸುತ್ತಿದ್ದರು. "ಅವನು ಹೇಗಿದ್ರೂ ಹೋಗೋನೇ. ಅವನ ಕಾಲು ಮನೆ ಒಳಗೆ ಯಾವತ್ತು ನಿಂತಿತ್ತು? ನಿನ್ನನ್ನೂ ಅವನ ಜೊತೆ ಸೇರಿಸಿ ಬಯ್ದಿದ್ರೆ ನೀನೂ ಅವನ ಹಿಂದೆ ಹೋಗ್ತಿದ್ದೆ. ನನಗೊಬ್ಬ ಬೇಕಾಗಿದ್ದ." ಕೋಲಿನಿಂದ ಕಂಬದ ಕಡೆ ತೋರಿಸಿ, "ಕೊಯ್ಯಿ ಈಗ. ಆ ಮೂಲೆಯಿಂದಲೇ ಶುರುಮಾಡು. ಹೋಗ್ಲಿ ಅದು" ಎಂದರು.

ನಿರಾಳವಾಗಬೇಕಿತ್ತು. ಎಷ್ಟು ವರ್ಷ ಇದೊಂದು ಗಳಿಗೆಗೆ ಹೆದರಿದ್ದನೋ ಅದು ಬಂದು ಹೋಯಿತು, ಅಪ್ಪ ಬಯ್ಯಲಿಲ್ಲ, ಶಾಪ ಹಾಕಲಿಲ್ಲ. ಆದರೆ ಅಮಾದೊಗೆ ಬಂದದ್ದು ಸಿಟ್ಟು. ತಾನು ಮೋಸ ಮಾಡಿ ಆ ಪಕ್ಕದ ಕುರ್ಚಿ ಗಿಟ್ಟಿಸಿಕೊಂಡೆನೆಂದು ಅವನು ತಿಳಿದಿದ್ದ, ಕೆಟ್ಟದ್ದಾದರೂ ಅದು ತನ್ನದೇ ಕೆಲಸ ಎಂಬುದಾದರೂ ಇತ್ತು. ಈಗ ನೋಡಿದರೆ ಅವನನ್ನು ಕೂರಿಸಿದ್ದರು. ಒಬ್ಬನನ್ನು ಇಟ್ಟುಕೊಳ್ಳಲು ಇನ್ನೊಬ್ಬನನ್ನು ಕಳಿಸಿಕೊಟ್ಟಿದ್ದರು, ಮತ್ತು ಇಟ್ಟುಕೊಂಡವನು ನಲವತ್ತೇಳು ವರ್ಷ ಪ್ರತಿ ಭಾನುವಾರ ಪಕ್ಕದಲ್ಲೇ ನಡೆಯುತ್ತಾ ಬಂದಿದ್ದ. ಟೋಪಿ, ಗುಡ್ ಫ್ರೈಡೇ ಎಂದೆಲ್ಲ ಹೇಳಿದ್ದು ಯಾತಕ್ಕೆಂದು ಅವನಿಗೆ ಹೊಳೆಯಿತು. ಈ ಮುದುಕನಿಗೂ ಆ ಮೂಲೆ ಕಣ್ಣ ಮುಂದೆ ಇರಬಾರದಾಗಿತ್ತು. ಇಬ್ಬರೂ ಸೇರಿ ಅದನ್ನು ಗುಜರಿಗೆ ಹಾಕಲು ಒಂದು ಶನಿವಾರ ಗೊತ್ತುಮಾಡಿಕೊಂಡು, ಇಸ್ತ್ರಿ ಶರಟು ಹಾಕಿಕೊಂಡು ಬಂದು ಕೂತಿದ್ದರು. ಅವನು ಗ್ರೈಂಡರಿಗೆ ಕೊಯ್ಯುವ ಬಿಲ್ಲೆ ಹಾಕಿದ, ತಿರುಪು ಬಿಗಿ ಮಾಡಿದ, ಕಂಬದ ಹತ್ತಿರ ಹೋದ, ಆಮೇಲೆ ಅದನ್ನು ಸೀಟಿನ ಹಲಗೆಯ ಮೇಲೆ ಇಟ್ಟ.

"ಇಲ್ಲ ಅಪ್ಪ. ಕೊಯ್ಯಲ್ಲ."

ಅಪ್ಪ ಕಿವಿಗೆ ಕೈ ಇಟ್ಟುಕೊಂಡರು, ಸರಿಯಾಗಿ ಕೇಳಿಸದವರ ಹಾಗೆ.

"ನಿಮಗೆ ಗೊತ್ತಿಲ್ಲದ್ದು ಇನ್ನೊಂದಿದೆ" ಎಂದ ಅಮಾದೊ. ಈಗ ಬಾಯಿ ಅವನದೇ ಆಗಿತ್ತು. "ಟಾಪು ಹಿಡ್ಕೊಂಡಿದ್ದು ನಾನು, ಅದು ನಿಮಗೆ ಗೊತ್ತಿತ್ತು. ಅಳತೆ ಹಾಕಿದ್ದೂ ನಾನೇ. ಈ ಮೂಲೇದು. ಟೇಪಿನ ತುದಿ ಮುರಿದಿತ್ತಲ್ಲ, ಅರ್ಧ ಇಂಚು ಸೇರಿಸೋದು ಮರೆತೆ. ಸೆಫೆರಿನೊ ತನ್ನ ಮೂರೂ ಸರಿಯಾಗೇ ಕೊಯ್ದ. ಒಂದು ಕೂದಲಿನಷ್ಟೂ ವ್ಯತ್ಯಾಸ ಇಲ್ಲ, ನಿನ್ನೆ ಅಳೆದು ನೋಡಿದೆ. ವಾರೆ ಆಗಿದ್ದು ನನ್ನಿಂದ."

ಇಲಾರಿಯೊ ಕೋಲಿನ ಹಿಡಿ ತಿರುಗಿಸುವುದನ್ನು ನಿಲ್ಲಿಸಿದರು. "ಅವನು ಹೇಳಲಿಲ್ಲವಲ್ಲ" ಎಂದರು.

"ಇಲ್ಲ."

"ಕ್ಷೌರದಂಗಡಿ ಹತ್ರ..." ಎಂದು ನಿಲ್ಲಿಸಿದರು. "ಅವನ ಕಿವಿಗೆ ಬೀಳಲಿ ಅಂತಾನೇ ಗಟ್ಟಿಯಾಗಿ ಹೇಳಿದ್ದೆ ನಾನು. ಟೇಪು ಹಿಡಿಯೋಕೂ ಬರಲ್ಲ ಅಂತ. ಜನ ನಗಲಿ ಅಂತ." ಆ ಟೇಪು ಎಸೆಯದೆ ಇಟ್ಟುಕೊಂಡವರು ತಾವೇ ಎಂಬುದೂ ಅವರಿಗೆ ನೆನಪಾಗಿರಬೇಕು, ಬಲಗೈ ತಾನಾಗಿ, ಹಿಂದೆ ಟೇಪು ಇಡುತ್ತಿದ್ದ ಅಂಗಿಯ ಜೇಬಿನ ಕಡೆ ಹೋಗಿ ಖಾಲಿ ಜೇಬನ್ನು ಮುಟ್ಟಿ ಕೆಳಗಿಳಿಯಿತು. ಎಂಬತ್ತೆಂಟು ವರ್ಷದ ಮುಖ ಅಮಾದೊನ ಕಣ್ಣೆದುರೇ ಸಡಿಲವಾಗಿ ಕುಸಿಯುತ್ತಿತ್ತು. ತಾನು ಇಷ್ಟು ವರ್ಷ ಹೊತ್ತದ್ದನ್ನು ಇಳಿಸಿದೆ ಎಂದುಕೊಂಡಿದ್ದ, ಇಳಿಸಿದ್ದು ಈ ಮುದುಕನ ತಲೆಯ ಮೇಲೆ. ಇವರಿಗೆ ಅದನ್ನು ಹೊರಲು ಇನ್ನು ವರ್ಷಗಳಿಲ್ಲ, ಕ್ಷಮೆ ಕೇಳಲು ಮಗನಿಲ್ಲ. ಅಮಾದೊಗೆ ಎಂಥ ಸಂಕಟವಾಯಿತೆಂದರೆ ಕುರ್ಚಿಯ ಮುಂದೆ ಮಂಡಿಯೂರಿ ಕೂತು ಅವರ ಮೊಣಕಾಲು ಹಿಡಿದುಕೊಂಡ.

"ಅಪ್ಪ, ಬಿಡಿ. ತುಂಬ ಹಳೇದು, ನನಗೂ ಸರಿಯಾಗಿ ನೆನಪಿಲ್ಲ. ಟೇಪು ಅವನ ಕೈಲೇ ಇತ್ತೋ ಏನೋ. ನಾನು ಚಿಕ್ಕವನು, ನನ್ನ ಕೈಗೆ ಯಾಕೆ ಕೊಡ್ತಾನೆ? ಅವನೇ ಅಳತೆ ಹಾಕಿರಬೇಕು."

ಅಪ್ಪ ಅವನ ತಲೆಯ ಮೇಲೆ ಕೈಯಿಟ್ಟರು. ಕೈ ಒರಟಾಗಿತ್ತು.

"ಸುಮ್ನಿರು ಮಗ" ಎಂದರು. "ಈಗ ಸುಳ್ಳು ಹೇಳಬೇಡ."

ಒಳಗಿಂದ ಎವಾಂಜೆಲಿನ್ ಊಟಕ್ಕೆ ಕರೆದಳು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಕರೆದಳು. ಇಬ್ಬರೂ ಏಳಲಿಲ್ಲ.